ನಲವತ್ತು ಸಲ ‘ಎಂದೂ ಇಲ್ಲ’

ನೀರು ಶುದ್ಧಿ ಮಾಡುವ ಆ ಘಟಕದಲ್ಲಿ ಅವಳಿಗೆ ಬಿದ್ದಿದ್ದ ಹೆಸರು ಇನ್ನೊಂದ್ಸಲಕ್ಕ. ಹದಿನೇಳು ವರ್ಷದಲ್ಲಿ ಅವಳು ಒಂದು ವಾಲ್ವನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ತಿರುಗಿಸಿ, ನಾಲ್ಕು ಹೆಜ್ಜೆ ಹೋಗಿ, ‘ಇನ್ನೊಂದ್ಸಲ ನೋಡ್ಬಿಡ್ತೀನಿ’ ಎಂದು ವಾಪಸು ಬರುತ್ತಿದ್ದಳು. ಬಾಗಿಲವರೆಗೆ ಹೋಗಿ ಮತ್ತೆ ವಾಪಸು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಇದನ್ನು ಕಂಡು ನಗುತ್ತಿದ್ದರು, ಎರಡನೆಯ ವಾರ ರೇಗುತ್ತಿದ್ದರು, ಮೂರನೆಯ ವಾರದಿಂದ ಅವಳ ಪಾಳಿಯಲ್ಲಿ ತಾವು ಏನನ್ನೂ ನೋಡದೆ ಹಾಯಾಗಿರುತ್ತಿದ್ದರು. ಹೇಗೂ ಅಕ್ಕ ನೋಡಿರುತ್ತಾಳಲ್ಲ.

ಘಟಕದಲ್ಲಿ ಅವಳ ಜೀವವೆಲ್ಲ ಇದ್ದದ್ದು ಕ್ಲೋರಿನ್ ಕೋಣೆಯಲ್ಲಿ. ಉಳಿದ ಕಟ್ಟಡಗಳಿಂದ ದೂರಕ್ಕೆ ಕಟ್ಟಿದ ಒಂಟಿ ಕೋಣೆ. ಒಳಗೆ ಮಂಚದಷ್ಟು ಉದ್ದದ ಹಳದಿ ಸಿಲಿಂಡರುಗಳು ಸಾಲಾಗಿ ಮಲಗಿರುತ್ತಿದ್ದವು. ಊರಿನ ಅಷ್ಟೂ ಮನೆಯ ನೀರನ್ನು ಕುಡಿಯಲು ಯೋಗ್ಯ ಮಾಡುವುದು ಆ ಸಿಲಿಂಡರಿನ ಗಾಳಿಯೇ, ಸೋರಿದರೆ ಎದೆ ಸುಟ್ಟು ಕೊಲ್ಲುವುದೂ ಅದೇ ಗಾಳಿ. ಅದು ಭಾರದ ಗಾಳಿ, ನೆಲಕ್ಕಿಳಿದು ಕೂರುತ್ತದೆ. ಅದಕ್ಕೇ ಅಲ್ಲಿಯ ಫ್ಯಾನು ಗೋಡೆಯ ಮೇಲ್ಭಾಗದಲ್ಲಿಲ್ಲ, ಮೊಣಕಾಲೆತ್ತರದಲ್ಲಿದೆ. ದಿನಾ ಇಷ್ಟು ಹೊತ್ತಿಗೆಂದು ಅಮೋನಿಯದ ಬಾಟಲಿಯನ್ನು ಪೈಪಿನ ಒಂದೊಂದು ಕೀಲಿನ ಹತ್ತಿರವೂ ಹಿಡಿದು ನೋಡಬೇಕು. ಎಲ್ಲಾದರೂ ಕೂದಲೆಳೆಯಷ್ಟು ಸೋರುತ್ತಿದ್ದರೂ ಬಿಳಿ ಹೊಗೆ ಏಳುತ್ತದೆ.

ಆ ಕೋಣೆಯ ಕೀಲಿಕೈ ಇಟ್ಟುಕೊಂಡಿದ್ದ ಹಿರಿಯರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅನುಭವದಲ್ಲಿ ಅವರ ನಂತರ ಇವಳೇ. ಕೀಲಿ ತನಗೇ ಬರುತ್ತದೆಂದು ಅವಳೂ ನಂಬಿದ್ದಳು, ಉಳಿದವರೂ ನಂಬಿದ್ದರು. ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬಂತು. ಇನ್ನು ಮುಂದೆ ಕ್ಲೋರಿನ್ ಹತ್ತಿರ ಕೆಲಸ ಮಾಡುವ ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಮನಸ್ಸಿನ ಪರೀಕ್ಷೆ ಕೊಡಬೇಕು. ಚಿಂತೆ, ಹೆದರಿಕೆ, ಸಿಟ್ಟು, ಇವು ಒಬ್ಬೊಬ್ಬರಲ್ಲಿ ಎಷ್ಟೆಷ್ಟಿವೆ ಎಂದು ಅದು ಅಳೆಯುತ್ತದೆ. ಅಳತೆಯ ಗೆರೆ ದಾಟಿದವರಿಗೆ ಬೇರೆ ಕೆಲಸ. ಬೇರೆ ಕೆಲಸವೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು: ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಬಂದು ಹೋಗುವ ಗಾಡಿಗಳ ನಂಬರು ಬರೆಯುವುದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನೋಟಿಸು ಓದುತ್ತಿದ್ದವರಲ್ಲಿ ಅವಳೊಬ್ಬಳ ಕೈ ತಾನಾಗಿ ಎದೆಗೆ ಹೋಯಿತು. ನೋಟಿಸನ್ನು ಇನ್ನೊಂದು ಸಲ ಓದಿದಳು. ಮತ್ತೊಂದು ಸಲವೂ ಓದಿದಳು.

ಮೊದಲ ದಿನ ಪರೀಕ್ಷೆಗೆ ಮೂವರು ಹೋದರು. ಎಲ್ಲರೂ ಕರೆಂಟು ಎಂದು ಕರೆಯುತ್ತಿದ್ದ ಎಲೆಕ್ಟ್ರಿಷಿಯನ್ ಒಂಬತ್ತೇ ಪ್ರಶ್ನೆಗೆ ಮುಗಿಸಿ ಸಿಳ್ಳೆ ಹಾಕುತ್ತಾ ಹೊರಬಂದ. ಪಂಪಿನವನಿಗೆ ಹನ್ನೊಂದು, ಮೂರನೆಯವನಿಗೆ ಹತ್ತು. ಮೊದಲನೆಯದು ಬಿಟ್ಟರೆ ಒಬ್ಬನಿಗೆ ಬಂದ ಪ್ರಶ್ನೆ ಇನ್ನೊಬ್ಬನಿಗೆ ಬಂದಿರಲಿಲ್ಲ. ಆ ಘಟಕದಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಇಲಾಖೆಯ ಯಾವ ಪರೀಕ್ಷೆಯೇ ಬರಲಿ, ಮೊದಲು ಬರೆದವರು ನೆನಪಿದ್ದಷ್ಟು ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಉತ್ತರ ಹೊಂದಿಸಿ ಹಿಂದೆ ಬರುವವರಿಗೆ ಕೊಡಬೇಕು. ಅದಕ್ಕೆ ಗೈಡ್ ಎಂದು ಹೆಸರು. ಬಡ್ತಿ ಪರೀಕ್ಷೆ, ಅಗ್ನಿಶಾಮಕ ಪರೀಕ್ಷೆ, ಎಲ್ಲವನ್ನೂ ಅವರು ಹಾಗೇ ಪಾಸು ಮಾಡಿದ್ದರು. ಈ ಸಲ ಗೈಡ್ ಬರೆದವನು ಕರೆಂಟು.

‘ತುಂಬ ಸುಲಭ ಕಣಕ್ಕಾ,’ ಎಂದ ಅವನು, ಸ್ವಿಚ್ ಬೋರ್ಡಿಗೆ ಒರಗಿಕೊಂಡು. ‘ಚಿಂತೆ ಇದ್ಯಾ ಅನ್ನುತ್ತೆ, ಭಯ ಇದ್ಯಾ ಅನ್ನುತ್ತೆ. ಕೆಳಗಡೆ ಐದು ಬಟನ್ ಇರುತ್ತೆ. ಯಾವಾಗಲೂ, ಬಹಳ ಸಲ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ. ನಿನಗೆ ಬೇಕಾಗಿರೋದು ಕೊನೇದೊಂದೇ.’

‘ಎಲ್ಲದಕ್ಕೂನಾ?’

‘ದೇವರೇ ಬಂದು ಕೇಳಿದ್ರೂ ಎಂದೂ ಇಲ್ಲ.’

‘ಸುಳ್ಳು ಅಂತ ಗೊತ್ತಾಗಲ್ವೇನೋ?’

‘ಅದೇನು ನಿನ್ನ ಮುಖ ನೋಡುತ್ತಾ? ಡಬ್ಬಿ ಅಕ್ಕಾ ಅದು, ಡಬ್ಬಿ!’

ಸಂಜೆ ಮನೆಯಲ್ಲಿ ಗೈಡಿನ ಪಾರಾಯಣವಾಯಿತು. ಗಂಡ ಟೈಲರ್. ಒಂದು ಕಾಲರಿಗೆ ಹೊಲಿಗೆ ಹಾಕುತ್ತಾ ನೋಟ್‌ಬುಕ್ಕನ್ನು ಮೆಷಿನ್ನಿನ ಮೇಲೆ ಹರಡಿಕೊಂಡು ಗಟ್ಟಿಯಾಗಿ ಓದಿದ.

‘"ಕಾರಣವಿಲ್ಲದೆ ಅಳು ಬರುತ್ತದೆ."’

‘ಎಂದೂ ಇಲ್ಲ,’ ಎಂದಳು ಅಕ್ಕ.

‘ಕಾರಣ ಇಲ್ದೆ ಯಾರಪ್ಪಾ ಅಳ್ತಾರೆ?’ ಎಂದು ಗೋಡೆಗೊರಗಿ ಕೂತಿದ್ದ ಅತ್ತೆ ನಡುವೆ ಬಾಯಿ ಹಾಕಿದರು. ‘ಕಾರಣ ಹೇಳ್ಕೊಳ್ಳೋ ಹಾಗಿರಲ್ಲ, ಅಷ್ಟೆ.’

‘ಪರೀಕ್ಷೆ ನಿನಗಲ್ಲಮ್ಮ.’

‘ನನಗಲ್ಲಪ್ಪ. ಪ್ರಶ್ನೆ ಸರಿಯಿಲ್ಲ ಅಂದೆ.’

‘"ಬೀಗ ಹಾಕಿದ ಮೇಲೆ ಮತ್ತೆ ಬಂದು ನೋಡಬೇಕೆನಿಸುತ್ತದೆ."’

‘ಎಂದೂ ಇಲ್ಲ.’

ಗಂಡ ಮೆಷಿನ್ ನಿಲ್ಲಿಸಿ ಅವಳ ಮುಖ ನೋಡಿದ. ‘ಮೊನ್ನೆ ಬಸ್ ಸ್ಟಾಪಿನಿಂದ ವಾಪಸ್ ಬಂದು ಬೀಗ ಜಗ್ಗಿದ್ದು ಯಾರೇ? ನಾನಾ?’

‘ನಗಬೇಡ್ರೀ. ಮುಂದಿನದು ಓದಿ.’

ಮರುದಿನ ಅವಳ ಪರೀಕ್ಷೆಯಿದ್ದದ್ದು ಘಟಕದ ಸಭೆ ಕೋಣೆಯಲ್ಲಿ. ಅದನ್ನು ನಡೆಸಲು ಬಂದಿದ್ದ ಮೇಡಂ ಚಿಕ್ಕ ವಯಸ್ಸಿನವಳು. ನೆಗಡಿಯಾಗಿ ಮೂಗು ಕೆಂಪಾಗಿತ್ತು.

‘ಇದರಲ್ಲಿ ಸರಿ ತಪ್ಪು ಅಂತೇನಿಲ್ಲ,’ ಎಂದಳು. ‘ಡಾಕ್ಟ್ರು ಹೊಟ್ಟೆ ಒತ್ತಿ ಇಲ್ಲಿ ನೋವಾ ಅಂತಾರಲ್ಲ, ಇಲ್ಲ ಅಂದ್ರೆ ಕೈ ಸ್ವಲ್ಪ ಈಚೆಗೆ ತರ್ತಾರಲ್ಲ, ಹಾಗೆ. ನೀವು ಒಂದಕ್ಕೆ ಕೊಟ್ಟ ಉತ್ತರ ನೋಡ್ಕೊಂಡು ಅದು ಮುಂದಿನ ಪ್ರಶ್ನೆ ಆರಿಸುತ್ತೆ. ಇವರು ಹೀಗೆ ಅಂತ ಖಾತ್ರಿ ಆದ ಕೂಡಲೇ ನಿಲ್ಲಿಸುತ್ತೆ. ಆರಾಮಾಗಿ ಕೂತ್ಕೊಳ್ಳಿ.’

ಆರಾಮಾಗಿ ಕೂರುವುದು ಅವಳಿಗೆ ಹುಟ್ಟಿನಿಂದ ಬಂದಿರಲಿಲ್ಲ. ಬಲಗಾಲು ಮೇಜಿನಡಿ ಆಗಲೇ ಕುಣಿಯತೊಡಗಿತ್ತು. ಅವತ್ತು ಬೆಳಿಗ್ಗೆ ಖಾಲಿ ಸಿಲಿಂಡರ್ ತೆಗೆದು ತುಂಬಿದ್ದನ್ನು ಜೋಡಿಸಿದವನು ಪಂಪಿನವನು. ಕೀಲು ಸೋರದಂತೆ ಪ್ರತಿ ಸಲವೂ ಸೀಸದ ವಾಷರ್ ಹೊಸದು ಹಾಕಬೇಕು. ಅವನು ಹಾಕಿದನೋ, ಹಳೆಯದನ್ನೇ ಒರೆಸಿ ಕೂರಿಸಿದನೋ?

ಮೊದಲ ಪ್ರಶ್ನೆ ಬಂತು. ‘ಸಣ್ಣಪುಟ್ಟ ವಿಷಯಕ್ಕೂ ಚಿಂತೆ ಮಾಡುತ್ತೇನೆ.’

ಎಂದೂ ಇಲ್ಲ.

‘ಕೆಟ್ಟದ್ದೇನಾದರೂ ಆಗುತ್ತದೆಂದು ಅನ್ನಿಸುತ್ತಿರುತ್ತದೆ.’ ಎಂದೂ ಇಲ್ಲ. ‘ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.’ ಹಳೆಯ ವಾಷರ್ ಆಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಸೋರಲು ಶುರುವಾಗುತ್ತದೆ. ಎಂದೂ ಇಲ್ಲ.

ಹತ್ತು ದಾಟಿತು. ಕರೆಂಟು ಹೊರಗೆ ಬಂದಿದ್ದು ಒಂಬತ್ತಕ್ಕೆ. ಹದಿನೈದು ದಾಟಿತು. ಆಗ ಅವಳಿಗೆ ಒಂದು ವಿಚಿತ್ರ ಕಂಡಿತು. ಅವಳು ಇಲ್ಲ ಇಲ್ಲ ಎಂದಷ್ಟೂ ಪ್ರಶ್ನೆ ಮೆತ್ತಗಾಗುತ್ತಿತ್ತು. ಊಟ ಬೇಡವೆಂದು ಹಟ ಹಿಡಿದ ಮಗುವಿಗೆ ಅಜ್ಜಿ ಒಂದೇ ಒಂದು ತುತ್ತು, ಹೋಗಲಿ ಅರ್ಧ ತುತ್ತು ಎಂದು ಪುಸಲಾಯಿಸಿದ ಹಾಗೆ. ‘ಅಪರೂಪಕ್ಕಾದರೂ ಬೇಸರವಾಗುವುದುಂಟು.’ ಎಂದೂ ಇಲ್ಲ. ‘ಮನೆಯವರು ತುಂಬ ತಡವಾಗಿ ಬಂದರೆ ಸ್ವಲ್ಪ ಯೋಚನೆಯಾಗುತ್ತದೆ.’ ಎಂದೂ ಇಲ್ಲ. ‘ಯಾರಾದರೂ ಎಲ್ಲರೆದುರು ಬೈದರೆ ಒಂದು ಕ್ಷಣ ನೋವಾಗುತ್ತದೆ.’ ಅದಕ್ಕೂ ಎಂದೂ ಇಲ್ಲ. ಹಿಂದಕ್ಕೆ ಹೋಗಲು ಗುಂಡಿ ಎಲ್ಲಿದೆಯೆಂದು ಹುಡುಕಿದಳು. ಇರಲಿಲ್ಲ. ಹದಿನೇಳು ವರ್ಷದಲ್ಲಿ ಇನ್ನೊಂದು ಸಲ ನೋಡಲು ಬಿಡದ ಮೊದಲ ಯಂತ್ರ ಅದು.

ಮೂವತ್ತೆಂಟನೆಯದೋ ಮೂವತ್ತೊಂಬತ್ತನೆಯದೋ ಬಂದಾಗ ಅವಳ ಬೆರಳು ನಿಂತಿತು. ‘ಹತ್ತಿರದವರು ತೀರಿಕೊಂಡಾಗ ಕೆಲವು ದಿನ ದುಃಖವಾಗುತ್ತದೆ.’

ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ದಿನ ಕೂತಿದ್ದಳು. ಈಗಲೂ ಬೀದಿಯಲ್ಲಿ ಯಾರಾದರೂ ಅವನ ಹಾಗೆ ಕೆಮ್ಮಿದರೆ ತಿರುಗಿ ನೋಡುತ್ತಿದ್ದಳು. ಆದರೆ ಇಷ್ಟು ದೂರ ಬಂದ ಮೇಲೆ ಇದೊಂದಕ್ಕೆ ಹೌದೆಂದರೆ ಹಿಂದಿನದೆಲ್ಲ ಸುಳ್ಳೆಂದು ತಾನೇ ಸಹಿ ಹಾಕಿದಂತೆ. ಒತ್ತಿದಳು. ಎಂದೂ ಇಲ್ಲ. ಒತ್ತಿದ ಮೇಲೆ ಅಪ್ಪನ ಎದುರೇ ಮುಖ ತಿರುಗಿಸಿಕೊಂಡು ಹೋದ ಹಾಗಾಯಿತು.

ನಲವತ್ತಕ್ಕೆ ಪರದೆಯೇ ಕೈ ಚೆಲ್ಲಿತು. ‘ಧನ್ಯವಾದ. ಪ್ರಶ್ನೆಗಳು ಮುಗಿದವು.’

ಅವಳು ಅಲ್ಲಿಂದ ಓಡಿದ್ದು ಕ್ಲೋರಿನ್ ಕೋಣೆಗೆ. ವಾಷರ್ ಹೊಸದೇ ಇತ್ತು.

ಮರುದಿನ ಮೇಡಂ ಒಬ್ಬೊಬ್ಬರನ್ನೇ ಕರೆಸಿದಳು. ಅಕ್ಕ ಒಳಗೆ ಹೋಗಿ ಕೂತಳು, ಎದ್ದಳು, ಕಿಟಕಿಯಿಂದ ಆಚೆ ನೋಡಿ ಬಂದು ಕೂತಳು, ಇನ್ನೊಂದು ಸಲ ಹೋಗಿ ನೋಡಿ ಬಂದು ಮತ್ತೆ ಕೂತಳು.

‘ಎಷ್ಟು ಬಂತು ಮೇಡಂ?’

‘ಏನೂ ಬರ್ಲಿಲ್ಲ. ನಿಮ್ಮಷ್ಟು ನಿಶ್ಚಿಂತೆಯಾಗಿರೋರಿಗೆ ಕೇಳೋ ಪ್ರಶ್ನೇನೇ ನಮ್ಮ ಹತ್ರ ಇಲ್ಲ. ಹುಡುಕಿ ಹುಡುಕಿ ಯಂತ್ರಕ್ಕೇ ಸುಸ್ತಾಯ್ತು.’

‘ಹಾಗಾದ್ರೆ ಒಳ್ಳೇದೇ ಅಲ್ವಾ?’

‘ನೀವು ಬಂದು ಐದು ನಿಮಿಷ ಆಗಿಲ್ಲ. ಎರಡು ಸಲ ಕಿಟಕಿಗೆ ಹೋಗಿ ಬಂದ್ರಿ.’

‘ಫ್ಯಾನ್ ತಿರುಗ್ತಿದ್ಯಾ ಅಂತ...’

ಮೇಡಂ ಕರ್ಚೀಫಿನಿಂದ ಮೂಗೊರೆಸಿಕೊಂಡಳು. ‘ನಿನ್ನೆ ಕೂತ ಐದು ಜನಕ್ಕೂ ನಲವತ್ತು ಪ್ರಶ್ನೆ. ಐದೂ ಜನಕ್ಕೆ ಮನೇಲಿ ಯಾರು ಸತ್ರೂ ದುಃಖ ಇಲ್ಲ. ಏನ್ ಘಟಕ ರೀ ಇದು? ನೀರಿಗೆ ಏನ್ ಬೆರೆಸ್ತೀರಿ?’

ಅಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ‘ಅಪ್ಪನ ವಿಷಯದ್ದು ಒಂದು ತಪ್ಪಾಗಿ ಒತ್ತಿಬಿಟ್ಟೆ ಮೇಡಂ,’ ಎಂದಳು.

ಮೇಡಂ ಕಾಗದವನ್ನು ಹತ್ತಿರಕ್ಕೆಳೆದುಕೊಂಡು, ದಾರಿ ಎರಡಿವೆ ಎಂದಳು. ಹೀಗೇ ಬಿಟ್ಟರೆ ‘ತೀರ್ಮಾನವಾಗಲಿಲ್ಲ’ ಎಂದು ಬರೆಯುತ್ತಾಳೆ. ಕೀಲಿ ಬೇರೆಯವರಿಗೆ ಹೋಗುತ್ತದೆ, ಅಕ್ಕ ಈಗಿರುವ ಜಾಗದಲ್ಲಿ ಈಗಿರುವ ಹಾಗೇ ಉಳಿಯುತ್ತಾಳೆ. ಇಲ್ಲವಾದರೆ ನಾಳೆ ಮತ್ತೆ ಕೂರಬಹುದು, ಒಂದೇ ಸಲ.

‘ನಿಜ ಹೇಳಿ ಗೆರೆ ದಾಟಿದ್ರೆ?’

‘ಗೇಟಿಗೆ ಹಾಕಬಹುದು. ನಾನು ಬರೆದು ಕೊಡ್ತೀನಿ. ತೀರ್ಮಾನ ನಿಮ್ಮ ಸಾಹೇಬರದ್ದು.’

ಹೊರಗೆ ಬಂದವಳು ನೇರ ಸ್ವಿಚ್ ಬೋರ್ಡಿನ ಕೋಣೆಗೆ ನುಗ್ಗಿದಳು. ‘ಒಂಬತ್ತಕ್ಕೆ ಮುಗಿಯಿತು ಅಂದ್ಯಲ್ಲ, ನಿಜ ಹೇಳು. ನೀನು ಏನು ಒತ್ತಿದ್ದೆ?’

ಕರೆಂಟು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿದ, ತೆಗೆದ, ಮತ್ತೆ ಸಿಕ್ಕಿಸಿದ. ‘ನಾನಾ?’

‘ಇನ್ಯಾರು, ನಿನ್ನ ಟ್ರಾನ್ಸ್‌ಫಾರ್ಮರಾ?’

‘ನಿಜಾನೇ ಒತ್ತಿದ್ದೆ ಅಕ್ಕಾ. ಒಳಗೆ ಹೋದ ಮೇಲೆ ಪುಕ್ಕಲಾಗ್ಬಿಡ್ತು. ಕೆಲವೊಮ್ಮೆ, ಅಪರೂಪಕ್ಕೆ, ಹಾಗೇ ಇದ್ದಿದ್ದು ಇದ್ದ ಹಾಗೆ. ಗೈಡ್ ಬರೆದಿದ್ದು ಆಮೇಲೆ, ಯೋಚನೆ ಮಾಡಿ.’

‘ನಿನ್ನ ಯೋಚನೆಗೆ ಬೆಂಕಿ ಹಾಕ!’ ಎಂದಳು. ಆದರೆ ಅವನ ಮುಖ ಎಷ್ಟು ಬಾಡಿತ್ತೆಂದರೆ ಬೈಗುಳ ಅಲ್ಲಿಗೇ ನಿಂತಿತು. ಅವನು ಒಳ್ಳೆಯದು ಮಾಡಲು ಹೋಗಿದ್ದ. ಒಳ್ಳೆಯದು ಮಾಡಲು ಹೋಗುವವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಮನೆಯಲ್ಲಿ ಗಂಡ ವಿಷಯ ಕೇಳಿ ಟೇಪನ್ನು ಕುತ್ತಿಗೆಗೆ ಸುತ್ತಿಕೊಂಡು ಲೆಕ್ಕ ಹಾಕಿದ. ‘ಸುಮ್ನೆ ಇದ್ದಲ್ಲೇ ಇದ್ಬಿಡೇ. ಕೀಲಿ ಇಲ್ದಿದ್ರೆ ಏನೀಗ? ಗೇಟಿಗೆ ಹಾಕಿದ್ರೆ ನಿನ್ನ ಹದಿನೇಳು ವರ್ಷ ನೀರಲ್ಲಿ ಹೋಮ.’

ಅವಳು ಅಡುಗೆಮನೆಗೂ ಹೊಸಿಲಿಗೂ ಹತ್ತು ಸಲ ಓಡಾಡಿದಳು. ಇದ್ದಲ್ಲೇ ಇದ್ದರೆ ಕೀಲಿ ಪಂಪಿನವನ ಕೈಗೆ ಹೋಗುತ್ತದೆ. ಅವನು ಕೆಟ್ಟವನಲ್ಲ, ವಾಷರನ್ನೂ ಹೊಸದೇ ಹಾಕಿದ್ದ. ಆದರೂ ಅಮೋನಿಯದ ಬಾಟಲಿ ಹಿಡಿಯುವಾಗ ಅವನ ಕಣ್ಣು ಫೋನಿನ ಮೇಲಿರುತ್ತದೆ.

‘ಏ, ನಿಂತ್ಕೋ ಒಂದು ಕಡೆ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ,’ ಎಂದರು ಅತ್ತೆ. ‘ಗೇಟಲ್ಲಿ ಕೂತ್ರೆ ಆ ಕೀಲಿ ಯಾರ ಕೈಲಿದ್ಯೋ ಅಂತ ಒದ್ದಾಡ್ತೀಯ. ಇದ್ದಲ್ಲೇ ಇದ್ರೂ ಒದ್ದಾಡ್ತೀಯ. ಒದ್ದಾಟ ನಿನಗೆ ಎಲ್ಲೂ ತಪ್ಪಿದ್ದಲ್ಲ. ಹೋಗು, ಕೀಲಿ ಇಟ್ಕೊಂಡೇ ಒದ್ದಾಡು.’

‘ಸಿಗದಿದ್ರೆ ಅತ್ತೆ?’

‘ಸಿಗದಿದ್ರೆ ಗೇಟಿನವಳಿಗೆ ನಾನೇ ಊಟ ತಂದುಕೊಡ್ತೀನಿ. ನಂಬರ್ ಬರ್ಕೋತೀಯ ನಂದೂ.’

ಮರುದಿನ ಮತ್ತೆ ಕೂತಳು. ಮೊದಲ ಪ್ರಶ್ನೆ ಹಳೆಯದೇ. ಸಣ್ಣಪುಟ್ಟ ವಿಷಯಕ್ಕೂ ಚಿಂತೆ ಮಾಡುತ್ತೇನೆ. ಯಾವಾಗಲೂ. ಒತ್ತಿದ ಕೂಡಲೇ ಇಕ್ಕಟ್ಟಿನ ಚಪ್ಪಲಿ ಕಳಚಿದ ಹಾಗಾಯಿತು. ಆದರೆ ಈ ಸಲ ಯಂತ್ರ ಮೆತ್ತಗಾಗಲಿಲ್ಲ, ಬಿಗಿಯಾಗುತ್ತಾ ಹೋಯಿತು. ‘ಚಿಂತೆಯಿಂದ ಎದೆ ಬಡಿದುಕೊಳ್ಳುತ್ತದೆ.’ ಬಹಳ ಸಲ. ‘ಮಾಡಿದ ಕೆಲಸ ಸರಿಯಾಗಿದೆಯೆಂದು ನಂಬಿಕೆ ಬರುವುದಿಲ್ಲ.’ ಯಾವಾಗಲೂ. ಪ್ರತಿ ಸಲ ಒತ್ತುವಾಗಲೂ ಗೇಟಿನ ಗೂಡು ಒಂದೊಂದು ಹೆಜ್ಜೆ ಹತ್ತಿರ ಬಂದಂತಾಗುತ್ತಿತ್ತು. ಆದರೂ ಕೈ ಹಿಂದೆ ಬರಲಿಲ್ಲ.

ಎಂಟನೆಯದು ಹೀಗಿತ್ತು: ‘ಅಪಾಯ ಎದುರಾದಾಗ ಕೈಕಾಲು ಆಡದೆ ನಿಂತುಬಿಡುತ್ತೇನೆ.’

ಆರು ವರ್ಷದ ಹಿಂದೆ ಒಂದು ಸಿಲಿಂಡರಿನ ವಾಲ್ವು ಸೀಳು ಬಿಟ್ಟಿತ್ತು. ಗಂಟೆ ಬಾರಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ಒಳಗೆ ಹೋಗಿ ಮುಚ್ಚಿ ಬಂದವಳು ಅವಳೇ. ಹೆದರಿಕೆ ಆಗಲೂ ಇತ್ತು. ಆದರೆ ಕೈ ನಡುಗಿದ್ದು ಎಲ್ಲ ಮುಗಿದ ಮೇಲೆ, ಯಾರೋ ಕೊಟ್ಟ ನೀರಿನ ಲೋಟ ಹಿಡಿದಾಗ. ಎಂದೂ ಇಲ್ಲ ಎಂದು ಒತ್ತಬೇಕು, ಅದೇ ನಿಜ. ಮೊನ್ನೆ ನಲವತ್ತು ಸಲ ಒತ್ತಿ ಸವೆಸಿದ ಮಾತನ್ನು ಇವತ್ತು ಅದು ನಂಬುತ್ತದೆಯೇ? ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ ಎಂದು ಒತ್ತಿದಳು.

‘ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಮನಸ್ಸು ಅಲ್ಲೇ ಇರುತ್ತದೆ.’ ಯಾವಾಗಲೂ. ಇನ್ನೆರಡು ಬಂದವು. ಹನ್ನೊಂದಕ್ಕೆ ಪರದೆ ಖಾಲಿಯಾಯಿತು.

‘ಇಷ್ಟೇನಾ?’ ಎಂದಳು. ಹುಟ್ಟಿದಾಗಿನಿಂದ ನಲವತ್ತೇಳು ವರ್ಷ ಹೊತ್ತು ತಿರುಗಿದ ಒದ್ದಾಟ ಹನ್ನೊಂದು ಪ್ರಶ್ನೆಗೆ ಅರ್ಥವಾಗಿ ಹೋಯಿತೆಂದರೆ ಅವಳಿಗೆ ಒಂಥರಾ ಅವಮಾನವೇ ಆಯಿತು. ‘ಇನ್ನೊಂದ್ಸಲ ನೋಡ್ಕೊಳ್ಳಲ್ವಾ ಅದು?’

‘ಅದಕ್ಕೆ ನಿಮ್ಮ ಸ್ವಭಾವ ಇಲ್ಲ,’ ಎಂದಳು ಮೇಡಂ.

ಸಾಹೇಬರು ಕರೆಸಿದ್ದು ಎರಡು ದಿನ ಬಿಟ್ಟು. ಕನ್ನಡಕವನ್ನು ಹಣೆಗೇರಿಸಿಕೊಂಡು ಕಾಗದ ಓದಿದರು.

‘ಗೆರೆ ದಾಟಿದೀರಿ.’

‘ಹೌದು ಸಾರ್.’

‘ಉಗುರಿನಷ್ಟು. ಮೇಡಂ ಬರೆದಿದಾರೆ, ಚಿಂತೆ ಬಹಳ, ಆದರೆ ಅಪಾಯ ಬಂದರೆ ಕೈಕಟ್ಟಿ ನಿಲ್ಲೋರಲ್ಲ. ಅದು ನನಗೂ ಗೊತ್ತು, ಆರು ವರ್ಷದ ಹಿಂದೆ ನಾನೂ ಇಲ್ಲೇ ಇದ್ದೆ.’ ಕಾಗದ ಕೆಳಗಿಟ್ಟರು. ‘ಕೆಳಗೆ ಇನ್ನೊಂದು ಸಾಲಿದೆ. ಇವರು ಹೀಗೇ ಮುಂದುವರಿದರೆ ಎರಡು ವರ್ಷದಲ್ಲಿ ಕುಸಿದು ಹೋಗುತ್ತಾರೆ. ನನಗೆ ಕೋಣೆ ನೋಡೋರು ಎರಡು ವರ್ಷಕ್ಕೆ ಬೇಡ, ಹತ್ತು ವರ್ಷಕ್ಕೆ ಬೇಕು. ವಾಲ್ವು ಎಷ್ಟು ಸಲ ನೋಡ್ತೀರಿ?’

‘ಮೂರು. ಒಂದೊಂದು ದಿನ... ಆರೇಳು.’

‘ಮೂರು. ರಿಜಿಸ್ಟರಿನಲ್ಲಿ ಮೂರು ಕಾಲಂ ಹಾಕಿಸ್ತೀನಿ, ಎಲ್ಲ ಪಾಳಿಗೂ. ನಾಲ್ಕನೇದು ನೋಡೋ ಹಾಗಿಲ್ಲ. ಐದು ಗಂಟೆಗೆ ಕೀಲಿ ಕೊಟ್ಟು ಮನೆಗೆ ಹೋಗಬೇಕು. ಹೋದ ಮೇಲೆ ಫೋನ್ ಮಾಡೋ ಹಾಗಿಲ್ಲ. ಒಂದು ಫೋನ್ ಬಂದ್ರೂ ಕೀಲಿ ವಾಪಸ್. ಮೂರು ತಿಂಗಳು ನೋಡ್ತೀನಿ. ಆಗುತ್ತಾ?’

ಒಂದು ಗಳಿಗೆ ಅವಳಿಗೆ ಗೇಟಿನ ಗೂಡೇ ವಾಸಿಯೆನಿಸಿತು. ‘ಆಗುತ್ತೆ ಸಾರ್,’ ಎಂದಳು. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಹೊಸ ತಿಂಗಳ ಮೊದಲ ದಿನ ಹಿರಿಯರ ಕೈಯಿಂದ ಬಂದ ಕೀಲಿಯನ್ನು ಸಂಜೆ ಐದಕ್ಕೆ ಕರೆಂಟಿನ ಅಂಗೈಯಲ್ಲಿಟ್ಟಳು. ಸಂಜೆ ಪಾಳಿಗೆ ಅವನದೇ ಕಾವಲು.

‘ಎರಡನೇ ಸಿಲಿಂಡರ್ ಒಂಬತ್ತರ ಹೊತ್ತಿಗೆ ಖಾಲಿಯಾಗುತ್ತೆ. ವಾಷರು...’

‘ಹೊಸದು ಹಾಕ್ತೀನಿ.’

‘ಫ್ಯಾನು ಮೊದಲು ಹಾಕಿ ಆಮೇಲೆ...’

‘ಬಾಗಿಲು. ಅಕ್ಕಾ, ಬಸ್ ಹೋಗುತ್ತೆ.’

ಆರಕ್ಕೆ ಮನೆ ಸೇರಿದಳು. ಕೈಕಾಲು ತೊಳೆದಳು, ಕೂತಳು, ಎದ್ದಳು. ಒಣಗಿದ ಬಟ್ಟೆ ಮಡಚಿದಳು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಗಂಡ ಮೆಷಿನ್ ತುಳಿಯುತ್ತಾ ವಾರೆಗಣ್ಣಿನಿಂದ ನೋಡುತ್ತಿದ್ದ. ಏಳು ಗಂಟೆಗೆ ಅವಳ ಕೈ ಕಪಾಟಿನ ಮೇಲಿದ್ದ ಫೋನಿಗೆ ಹೋಯಿತು.

‘ಕೊಡು ಇಲ್ಲಿ,’ ಎಂದು ಅತ್ತೆ ಕೈ ಚಾಚಿದರು. ಇಸಿದುಕೊಂಡು ತೊಡೆಯಡಿ ಇಟ್ಟುಕೊಂಡರು. ‘ಈಗ ಬೇಕಂದ್ರೆ ನನ್ನನ್ನ ಎತ್ತಬೇಕು.’

ಅವಳು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದಳು. ಮೂಗಿನ ಹತ್ತಿರ ತಂದು ಮೂಸಿದಳು. ಇತ್ತು, ಆ ತೆಳ್ಳನೆಯ ಘಾಟು, ಎಷ್ಟಿರಬೇಕೋ ಅಷ್ಟೇ. ಬೇರೆ ಯಾರಿಗೂ ಗೊತ್ತಾಗದಷ್ಟು. ಎದೆಯ ಭಾರ ಒಂದಿಷ್ಟು ಇಳಿಯಿತು. ಮರುಕ್ಷಣವೇ ಲೆಕ್ಕ ನೆನಪಾಯಿತು. ಘಟಕದಿಂದ ದೊಡ್ಡ ಟ್ಯಾಂಕಿಗೆ, ಅಲ್ಲಿಂದ ಈ ಬೀದಿಗೆ ಬರಲು ಎಂಟೊಂಬತ್ತು ಗಂಟೆ ಬೇಕು. ಇದು ಬೆಳಿಗ್ಗೆ ಅವಳೇ ಅಲ್ಲಿದ್ದಾಗ ಹೊರಟ ನೀರು. ಈಗ ಹೊರಡುತ್ತಿರುವುದು ಇಲ್ಲಿಗೆ ಮುಟ್ಟುವುದು ನಾಳೆಯೇ.

‘ಏ, ಅಲ್ಲೇನು ಮಾಡ್ತಿದೀಯ? ಇನ್ನೊಂದು ಫೋನ್ ಇಟ್ಟಿಲ್ಲ ತಾನೆ?’ ಎಂದು ಅತ್ತೆ ಕೂಗಿದರು.

‘ಇಲ್ಲ ಅತ್ತೆ. ನೀರು.’

‘ಏನಂತೆ?’

‘ಬೆಳಿಗ್ಗೆ ಎಲ್ಲ ಸರಿಯಿತ್ತಂತೆ,’ ಎಂದಳು.